ಪಾಲಕ್ ತಿಂದು ಗೆದ್ದರೆ ಅದು ಗೆಲುವಾ?

ಪಾಲಕ್ ತಿಂದರೆ ಭಾರೀ ಬಲ ಬರುವ ನಾವಿಕ ಪಾಪಾಯ್ ಮತ್ತು ಅರೇಬಿಯನ್ ನೈಟ್ಸ್ ಕಥೆಗಳ ಸಿಂದ್‌ಬಾದ್ ಎದುರುಬದುರಾಗುವ ಕಾರ್ಟೂನ್ ಬಂದದ್ದು 1936ರ ನವೆಂಬರ್‌ನಲ್ಲಿ. ಮಾಡಿದ್ದು ನ್ಯೂಯಾರ್ಕಿನ ಫ್ಲೈಷರ್ ಸ್ಟುಡಿಯೋ, ಹಂಚಿದ್ದು ಪ್ಯಾರಾಮೌಂಟ್. ಆಗಿನ ಕಾರ್ಟೂನುಗಳು ಆರೇಳು ನಿಮಿಷಕ್ಕೆ ಮುಗಿಯುತ್ತಿದ್ದವು. ಇದು ಹದಿನಾರು ನಿಮಿಷ ಓಡುತ್ತದೆ. ಪಾಪಾಯ್ ಟೆಕ್ನಿಕಲರ್ ಅನ್ನೋ ಬಣ್ಣದ ತಂತ್ರದಲ್ಲಿ ಕಾಣಿಸಿಕೊಂಡದ್ದೂ ಇದರಲ್ಲೇ ಮೊದಲು. ಕೊನೆಗೆ ಅವನು ಡಬ್ಬಿ ಒಡೆದು ಪಾಲಕ್ ಸೊಪ್ಪು ತಿನ್ನುತ್ತಾನೆ, ಸಿಂದ್‌ಬಾದ್‌ನನ್ನು ಬಡಿದು ಹಾಕುತ್ತಾನೆ. ಈ ಗೆಲುವು ಒಪ್ಪುವಂಥದ್ದಾ?

ಪರ

ಮೊದಲು ಕಾಲು ಕೆದರಿ ಜಗಳಕ್ಕೆ ಬಂದವನು ಯಾರು ಅಂತ ನೋಡಿ. ಪಾಪಾಯ್ ತನ್ನ ಪಾಡಿಗೆ ಹಡಗಿನಲ್ಲಿ ಹೋಗುತ್ತಿದ್ದ. ಜೊತೆಗೆ ಅವನ ಪ್ರೇಯಸಿ ಆಲಿವ್ ಮತ್ತು ತಿಂಡಿಪೋತ ಗೆಳೆಯ ವಿಂಪಿ. ಅವನು ಮಾಡಿದ ಅಪರಾಧ ಅಂದರೆ ತನ್ನ ಹಾಡು ತಾನು ಹಾಡಿಕೊಂಡದ್ದು. ಅಷ್ಟಕ್ಕೇ ಸಿಂದ್‌ಬಾದ್‌ಗೆ ಉರಿ ಹತ್ತಿತು. ರೋಕ್ ಅನ್ನೋ ದೊಡ್ಡ ಹಕ್ಕಿಯನ್ನು ಕಳಿಸಿ ಹಡಗು ಮುರಿಸಿದ, ಆಲಿವ್‌ಳನ್ನು ಎತ್ತಿಕೊಂಡು ಬರಲು ಹೇಳಿದ. ಇಂಥವನಿಗೆ ನ್ಯಾಯವಾಗಿ ಸೋಲುವ ಹಕ್ಕು ಎಲ್ಲಿಂದ ಬಂತು?

ಪಂದ್ಯ ಇಟ್ಟವನೂ ಅವನೇ. ಮೊದಲು ಹಕ್ಕಿಯ ಜೊತೆ ಹೋರಾಡು, ಆಮೇಲೆ ಎರಡು ತಲೆಯ ದೈತ್ಯ ಬೂಲಾ, ಕೊನೆಗೆ ನಾನು ಅಂದ. ಎಷ್ಟು ಅನುಕೂಲ ನೋಡಿ! ಎದುರಾಳಿ ಎರಡು ಸುತ್ತು ಬಡಿದಾಡಿ ಸುಸ್ತಾದ ಮೇಲೆ ತಾನು ಕಣಕ್ಕಿಳಿಯೋದು. ಪಾಪಾಯ್ ಏನು ಮಾಡಿದ? ಹಕ್ಕಿಯನ್ನು ಹುರಿದು ತಟ್ಟೆಯಲ್ಲಿಟ್ಟುಕೊಂಡು ವಾಪಸ್ ಬಂದ. ಬೂಲಾನನ್ನೂ ಮಲಗಿಸಿದ. ಈ ಎರಡೂ ಗೆಲುವಿಗೆ ಒಂದೆಲೆ ಪಾಲಕ್ ಕೂಡ ಖರ್ಚಾಗಿಲ್ಲ. ಬರೀ ಮುಷ್ಟಿ, ಜೊತೆಗೆ ಆ ಗೊಣಗಾಟ.

ಆ ಗೊಣಗಾಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಫ್ಲೈಷರ್ ಸ್ಟುಡಿಯೋದಲ್ಲಿ ಚಿತ್ರ ಬರೆದಾದ ಮೇಲೆ ದನಿ ಸೇರಿಸುತ್ತಿದ್ದರು. ಹಾಗಾಗಿ ಪಾಪಾಯ್‌ಗೆ ದನಿ ಕೊಟ್ಟ ಜ್ಯಾಕ್ ಮರ್ಸರ್, ಬಾಯಿ ಆಡದ ಜಾಗದಲ್ಲೆಲ್ಲ ತನಗೆ ತೋಚಿದ್ದನ್ನು ಗುಸುಗುಸು ತುರುಕುತ್ತಿದ್ದ. ಪೆಟ್ಟು ತಿನ್ನುತ್ತಲೇ ಜೋಕ್ ಹೊಡೆಯುವ ಮನುಷ್ಯ ಹೆದರಿಲ್ಲ ಅಂತಲೇ ಅರ್ಥ. ಪಾಪಾಯ್‌ನ ನಿಜವಾದ ಬಲ ಅದೇ ಅಂತ ನನಗನಿಸುತ್ತದೆ.

ಇನ್ನು ಪಾಲಕ್. ಅದೇನು ಕದ್ದು ತಂದ ಮಂತ್ರದಂಡವಲ್ಲ, ಸೊಪ್ಪು. ಸಿಂದ್‌ಬಾದ್‌ಗೂ ತಿನ್ನಬಹುದಿತ್ತು, ಬೇಡ ಅಂದವರು ಯಾರು? ಅವನ ಹತ್ತಿರ ದ್ವೀಪ ಇತ್ತು, ಸಿಂಹಗಳಿದ್ದವು, ಹಾವುಗಳಿದ್ದವು, ದೈತ್ಯ ಇದ್ದ. ಇವನ ಹತ್ತಿರ ಇದ್ದದ್ದು ಒಂದು ಡಬ್ಬಿ. ಈ ಲೆಕ್ಕದಲ್ಲಿ ಯಾರಿಗೆ ಅನ್ಯಾಯ ಆಯ್ತು ಅಂತ ನೀವೇ ಹೇಳಿ.

ವಿರೋಧ

ಸಿಂದ್‌ಬಾದ್ ಕೆಟ್ಟವನು, ಒಪ್ಪಿದೆ. ಆದರೆ ಕೆಟ್ಟವನು ಸೋತ ಮಾತ್ರಕ್ಕೆ ಸೋಲಿಸಿದ ರೀತಿ ಸರಿ ಅಂತ ಆಗೋದಿಲ್ಲ ಅಲ್ವಾ?

ಚಿತ್ರದ ಆರಂಭ ನೆನಪಿಸಿಕೊಳ್ಳಿ. ತಿಮಿಂಗಿಲದ ಬೆನ್ನ ಮೇಲಿನ ದ್ವೀಪ. ಗುಹೆಯೊಳಗೆ ಸಿಂದ್‌ಬಾದ್ ತನ್ನ ಬಿರುದುಗಳನ್ನು ತಾನೇ ಹಾಡಿಕೊಳ್ಳುತ್ತಾ ನಡೆಯುತ್ತಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ, ಪೂರಾ ಆರ್ಭಟ. ಅವನ ಹಿಂದಿನ ಬಂಡೆಗಳನ್ನು ಸುಮ್ನೆ ಹಾಳೆಯ ಮೇಲೆ ಬರೆದದ್ದಲ್ಲ. ತಿರುಗುವ ಮೇಜಿನ ಮೇಲೆ ಪುಟ್ಟ ಸೆಟ್ ಕಟ್ಟಿ, ಅದರ ಮುಂದೆ ಚಿತ್ರದ ಹಾಳೆ ನಿಲ್ಲಿಸಿ, ಪ್ರತಿ ಫ್ರೇಮಿಗೂ ಸೆಟ್ಟನ್ನು ಚೂರುಚೂರೇ ತಿರುಗಿಸಿ ತೆಗೆದದ್ದು. ಅದಕ್ಕೇ ಆ ಗುಹೆಗೆ ಆಳ ಇದೆ. ಗಸ್ ವಿಕಿ ಅನ್ನೋ ಗಾಯಕನ ತಗ್ಗಿನ ದನಿ ಬೇರೆ. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿತು. ಆ ಗೌರವದ ಅರ್ಧ ಪಾಲು ಈ ಖಳನದೇ ಅಂತ ನಾನು ಹೇಳುತ್ತೇನೆ.

ಇಷ್ಟು ದೊಡ್ಡದಾಗಿ ಕಟ್ಟಿದ ಖಳನನ್ನು ಕೊನೆಗೆ ಏನು ಮಾಡಿದರು? ಡಬ್ಬಿ ತೆರೆದರು. ಅಲ್ಲಿಗೆ ಮುಗಿಯಿತು. ಪಾಲಕ್ ಬಾಯಿಗೆ ಬಿದ್ದ ಮೇಲೆ ಕುತೂಹಲ ಅನ್ನೋದೇ ಇಲ್ಲ. ಉಳಿದದ್ದು ಎಷ್ಟು ಗುದ್ದು ಬಿದ್ದವು ಅನ್ನೋ ಎಣಿಕೆ ಮಾತ್ರ.

ಹಕ್ಕಿ, ದೈತ್ಯ ಇಬ್ಬರನ್ನೂ ಬರಿಗೈಯಲ್ಲಿ ಗೆದ್ದ ಅಂತ ಪರ ಪಕ್ಷದವರು ಹೆಮ್ಮೆ ಪಡುತ್ತಾರೆ. ನನ್ನ ತಕರಾರು ಇರೋದೇ ಅಲ್ಲಿ. ಬೆಟ್ಟದಂಥ ದೈತ್ಯನಿಗೆ ಬೇಡವಾದ ಪಾಲಕ್ ಒಬ್ಬ ಗಡ್ಡದ ದಢೂತಿಗೆ ಯಾಕೆ ಬೇಕಾಯಿತು? ಕಥೆಗೆ ಬೇಕಾಗಿರಲಿಲ್ಲ, ಸರಣಿಯ ಕಟ್ಟಳೆಗೆ ಬೇಕಿತ್ತು. ಎಲ್ಜಿ ಸೀಗರ್ 1929ರಲ್ಲಿ ಪತ್ರಿಕೆಯ ಕಾಮಿಕ್‌ನಲ್ಲಿ ಪಾಪಾಯ್‌ನನ್ನು ತಂದಾಗ ಅವನು ಹೀಗಿರಲಿಲ್ಲ. ಆ ಮೊದಲ ಕಥೆಯಲ್ಲಿ ಒಂದು ವಿಚಿತ್ರ ಕೋಳಿಯ ತಲೆ ಸವರಿ ಅದೃಷ್ಟ ಪಡೆಯುತ್ತಿದ್ದ. ಪಾಲಕ್ ಬಂದದ್ದು ಆಮೇಲೆ, ಅದೂ ಅಪರೂಪಕ್ಕೆ. ಅದನ್ನು ದಿನನಿತ್ಯದ ಔಷಧಿ ಮಾಡಿದ್ದು ಕಾರ್ಟೂನ್ ಸರಣಿ.

ಸಿಂದ್‌ಬಾದ್‌ಗೂ ಅನ್ಯಾಯ ಆಗಿದೆ, ಬಿಡಿ. ಅರೇಬಿಯನ್ ನೈಟ್ಸ್‌ನಲ್ಲಿ ಅವನು ವ್ಯಾಪಾರಿ. ತಿಮಿಂಗಿಲವನ್ನು ದ್ವೀಪ ಅಂದುಕೊಂಡು ಇಳಿದವನು, ರೋಕ್ ಹಕ್ಕಿಯ ಕಾಲಿಗೆ ತನ್ನನ್ನು ಕಟ್ಟಿಕೊಂಡು ಪಾರಾದವನು. ತೋಳಿಗಿಂತ ತಲೆ ಓಡಿಸಿ ಬದುಕಿದವನನ್ನು ತಂದು ಇಲ್ಲಿ ರೌಡಿ ಮಾಡಿದ್ದಾರೆ.

ನನಗೆ ಜಾಸ್ತಿ ಚುಚ್ಚುವುದು ಗೆದ್ದ ಮೇಲಿನ ಆಟ. ನಾನೇ ಎಲ್ಲರಿಗಿಂತ ದೊಡ್ಡವನು ಅಂತ ಸಿಂದ್‌ಬಾದ್ ಹಾಡುತ್ತಿದ್ದನಲ್ಲ, ಅದೇ ಹಾಡನ್ನು ಈಗ ಪಾಪಾಯ್ ಹಾಡುತ್ತಾನೆ. ಅಂದರೆ ಜಂಬ ತಪ್ಪಲ್ಲ, ಜಂಬ ಪಡುವವನು ನಮ್ಮವನಾಗಿರಬೇಕು ಅಷ್ಟೇ. ಆಲಿವ್‌ಳನ್ನು ಯಾರೂ ಏನೂ ಕೇಳುವುದಿಲ್ಲ. ಇಡೀ ದ್ವೀಪದಲ್ಲಿ ಈ ದೊಡ್ಡಸ್ತಿಕೆಯ ಪೈಪೋಟಿ ತಲೆಗೆ ಹತ್ತದವನು ವಿಂಪಿ ಒಬ್ಬನೇ. ಅವನು ಮಾಂಸ ಅರೆಯುವ ಯಂತ್ರ ಹಿಡಿದು ಒಂದು ಬಾತುಕೋಳಿಯ ಹಿಂದೆ ಸುತ್ತುತ್ತಿರುತ್ತಾನೆ.

ಪಾಪಾಯ್ ಸೋಲಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಮೊದಲೆರಡು ಸುತ್ತಿನ ಹಾಗೆ ಮೂರನೆಯದನ್ನೂ ಗೊಣಗಿಕೊಂಡೇ ಗೆಲ್ಲಬಹುದಿತ್ತು. ಡಬ್ಬಿಯನ್ನು ಜೇಬಿನಿಂದ ತೆಗೆದು ವಿಂಪಿಗೆ ಕೊಟ್ಟಿದ್ದರೆ, ಅವನಿಗಾದರೂ ಊಟಕ್ಕೆ ಆಗುತ್ತಿತ್ತು.