ನಮ್ಮೂರ ಚರಂಡಿ ಬಗ್ಗೆ ವಿಧಾನಸಭೆಯಲ್ಲಿ ಕೇಳಬೇಕಾ?

ಅಧಿವೇಶನ ಶುರುವಾದರೆ ಸಾಕು, ದಾವಣಗೆರೆ–ಚಿತ್ರದುರ್ಗ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ವಿಡಿಯೊಗಳು ಬರತೊಡಗುತ್ತವೆ. ನಮ್ಮ ಶಾಸಕರು ಎದ್ದು ನಿಂತಿದ್ದಾರೆ, ಮಂತ್ರಿಗಳನ್ನು ಕೇಳುತ್ತಿದ್ದಾರೆ, ಹಿಂದೆ ಸಿನಿಮಾ ಸಂಗೀತ. ಕೇಳುತ್ತಿರುವುದು ಊರಿನ ರಸ್ತೆ, ಕೆರೆ, ಬಸ್ಸು, ಆಸ್ಪತ್ರೆಯ ವಿಷಯ. ಕೆಲವರಿಗೆ ಇದು ಖುಷಿ. ಇನ್ನು ಕೆಲವರಿಗೆ ಕಿರಿಕಿರಿ: ಇದೆಲ್ಲ ಸದನದಲ್ಲಿ ಕೇಳೋ ಮಾತಾ?

ಎರಡೂ ವಾದಗಳನ್ನು ಕೆಳಗೆ ಇಟ್ಟಿದ್ದೇನೆ. ನಾನು ಪರದ ಕಡೆ. ಆದರೆ ವಿರೋಧದ ವಾದದಲ್ಲಿ ಒಂದು ಜಾಗಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದು ಯಾವುದು ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಪರ: ಕೇಳಬೇಕು, ಇನ್ನೂ ಜಾಸ್ತಿ ಕೇಳಬೇಕು

ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಜಿಲ್ಲೆಗೆ ಬರೆದಿದ್ದೇವೆ ಅನ್ನುತ್ತಾರೆ. ಜಿಲ್ಲೆಯಲ್ಲಿ ವಿಚಾರಿಸಿದರೆ ಫೈಲು ಬೆಂಗಳೂರಿಗೆ ಹೋಗಿದೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಯಾರ ಮೇಜಿನ ಮೇಲಿದೆ ಅಂತ ನಮ್ಮಂಥವರಿಗೆ ಗೊತ್ತಾಗೋದು ಕಷ್ಟ. ಶಾಸಕರು ಒಂದು ಪ್ರಶ್ನೆ ಬರೆದು ಕೊಟ್ಟರೆ ಇದೇ ಫೈಲು ಮೇಲಿಂದ ಕೆಳಕ್ಕೆ ಓಡಿ ಬರುತ್ತದೆ. ಕಾರ್ಯದರ್ಶಿಯಿಂದ ಮುಖ್ಯ ಎಂಜಿನಿಯರ್, ಅಲ್ಲಿಂದ ಕಾರ್ಯಪಾಲಕ ಎಂಜಿನಿಯರ್, ಕೊನೆಗೆ ಸೈಟಿನಲ್ಲಿರುವ ಕಿರಿಯ ಎಂಜಿನಿಯರ್. ‘ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದಿದೆ’ ಅಂದರೆ ಸರ್ಕಾರಿ ಕಚೇರಿಯಲ್ಲಿ ಬೇರೆ ಕೆಲಸ ಪಕ್ಕಕ್ಕೆ ಸರಿಯುತ್ತದೆ. ಉತ್ತರ ಇಂಥ ದಿನದೊಳಗೆ ಹೋಗಲೇಬೇಕು. ಕೆಳಗೆ ಮಂತ್ರಿಯ ಹೆಸರು ಇರುತ್ತದೆ, ತಪ್ಪು ಬರೆದರೆ ಸದನದ ಹಕ್ಕಿಗೆ ಧಕ್ಕೆ, ಅಂದರೆ ಹಕ್ಕುಚ್ಯುತಿಯ ಮಾತು ಬರುತ್ತದೆ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಕೊಟ್ಟ ಮಾತಿಗೆ ಈ ಭಯ ಇಲ್ಲ.

ಇದರ ಬೆಲೆ ಗೊತ್ತಾಗೋದು ದುಡ್ಡಿನ ವಿಷಯ ಬಂದಾಗ. ಘೋಷಣೆ ಬೇರೆ, ಮಂಜೂರಾತಿ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. ನಾಲ್ಕನ್ನೂ ಒಂದೇ ಅಂತ ತೋರಿಸೋದು ಫ್ಲೆಕ್ಸ್‌ಗಳ ಕೆಲಸ. ಬಿಡಿಸಿ ಹೇಳಿಸೋದು ಪ್ರಶ್ನೆ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯನ್ನೇ ನೋಡಿ. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ದಾವಣಗೆರೆ, ನಾಲ್ಕು ಜಿಲ್ಲೆಯ ಬಯಲುಸೀಮೆ ಇದನ್ನು ನಂಬಿ ಕೂತಿದೆ. 2,25,515 ಹೆಕ್ಟೇರ್‌ಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು ಅನ್ನೋದು ಯೋಜನೆಯ ಲೆಕ್ಕ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಹಿರಿಯೂರಿನಲ್ಲಿ ಪಟಾಕಿ ಹೊಡೆಯೋಕೆ ಅಷ್ಟು ಸಾಕಿತ್ತು. ಆಮೇಲೆ ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ವರ್ಷ ವರ್ಷವೂ ಹೇಳುತ್ತಾ ಬಂತು. ಕೇಂದ್ರ ಕೊಡಲಿಲ್ಲ ಅನ್ನೋದು ನಿಜ ಇರಬಹುದು. ಆದರೆ ಪೂರ್ತಿ ನಿಜ ಅಷ್ಟೇನಾ? ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಹತ್ತಿರ ಎರಡು ಕಿಲೋಮೀಟರಿನಷ್ಟು ಕಾಲುವೆ ಜಮೀನಿನ ಪರಿಹಾರದ ಜಗಳದಲ್ಲಿ ವರ್ಷಗಟ್ಟಲೆ ನಿಂತಿತ್ತು. ಆ ಗಂಟು ಬಿಡಿಸೋದು ದೆಹಲಿಯ ಕೆಲಸ ಅಲ್ಲ, ರಾಜ್ಯದ್ದು. ‘ಎಷ್ಟು ಎಕರೆ ಬಾಕಿ, ಪರಿಹಾರದ ದರ ಎಷ್ಟು, ಯಾರು ಯಾವಾಗ ರೈತರ ಜೊತೆ ಕೂತು ಮಾತಾಡಿದರು’ ಅಂತ ಸದನದಲ್ಲಿ ಕೇಳಿದರೆ ಮಂತ್ರಿಗಳು ದೆಹಲಿ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ತುಮಕೂರು–ದಾವಣಗೆರೆ ರೈಲು ಮಾರ್ಗದ ಕಥೆಯೂ ಹೀಗೇ. 2011-12ರಲ್ಲಿ ಒಪ್ಪಿಗೆ ಸಿಕ್ಕಿದ್ದು. ವೆಚ್ಚದಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ರೈಲು ಅಂದ ಕೂಡಲೇ ಎಲ್ಲರೂ ಸಂಸದರ ಮುಖ ನೋಡುತ್ತಾರೆ. ಜಮೀನು ಕೊಡಿಸೋದು ರಾಜ್ಯದ ಕಂದಾಯದವರು ಅನ್ನೋದು ಮರೆತೇ ಹೋಗುತ್ತದೆ. ಇದನ್ನು ಶಾಸಕರಲ್ಲದೆ ಇನ್ಯಾರು ಕೇಳಬೇಕು?

ಜಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಅವರು ಎಷ್ಟು ಕಾದಿದ್ದಾರೆ ಅಂತ ಅವರಿಗೇ ಗೊತ್ತು. 57ರಲ್ಲಿ ಯಾವ ಕೆರೆಗೆ ನೀರು ಮುಟ್ಟಿತು, ಯಾವುದಕ್ಕೆ ಪೈಪು ಮಾತ್ರ ಮುಟ್ಟಿತು ಅನ್ನೋದನ್ನು ಕೆರೆ ಹೆಸರು ಹಿಡಿದು ಬರೆಸಿಕೊಂಡರೆ ಆ ಕಾಗದ ಊರಿನವರ ಕೈಗೆ ಒಂದು ಆಯುಧ. ಮುಂದಿನ ವರ್ಷ ಅದೇ ಕಾಗದ ಹಿಡಿದು ಮತ್ತೆ ಕೇಳಬಹುದು.

ಚಿತ್ರದುರ್ಗಕ್ಕೆ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಒಳ್ಳೆಯದು. ವೈದ್ಯರ ಹುದ್ದೆ ಎಷ್ಟು, ಭರ್ತಿ ಎಷ್ಟು ಅಂತ ಕೇಳೋದೂ ಅಷ್ಟೇ ಮುಖ್ಯ. ಗಣಿಬಾಧಿತ ಪ್ರದೇಶದ ಹಣ ಹೊಳಲ್ಕೆರೆ, ಹೊಸದುರ್ಗದ ಯಾವ ಹಳ್ಳಿಗೆ ಹೋಯಿತು ಅನ್ನೋದೂ ಹಾಗೆಯೇ.

‘ಚರಂಡಿ, ನಲ್ಲಿ ಎಲ್ಲ ಸಣ್ಣ ವಿಷಯ’ ಅನ್ನುವವರಿಗೆ ಒಂದೇ ಮಾತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಜಿಲ್ಲಾ ಕೇಂದ್ರದಲ್ಲೇ ನಡೆದದ್ದು ಇದು. ಹಳೇ ಪೈಪು ಎಲ್ಲೆಲ್ಲಿ ಚರಂಡಿ ದಾಟಿ ಹೋಗುತ್ತದೆ, ನೀರಿನ ಪರೀಕ್ಷೆ ಯಾವಾಗ ಆಯಿತು ಅಂತ ಸಾವಿಗೆ ಮೊದಲೇ ಯಾರಾದರೂ ಒತ್ತಿ ಕೇಳುತ್ತಿದ್ದರೆ ಅಂತ ಅನ್ನಿಸದೆ ಇರುತ್ತದಾ?

ವಿರೋಧ: ಕೇಳಲಿ, ಆದರೆ ಕೇಳುವ ಜಾಗ ಅದಲ್ಲ

ಮೊದಲು ಟೈಮಿನ ಲೆಕ್ಕ ನೋಡೋಣ. ವಿಧಾನಸಭೆಯಲ್ಲಿ 224 ಜನ ಚುನಾಯಿತ ಶಾಸಕರು. ಪ್ರಶ್ನೋತ್ತರಕ್ಕೆ ದಿನಕ್ಕೆ ಒಂದು ಗಂಟೆ, ಅದೂ ಗಲಾಟೆ ಇಲ್ಲದಿದ್ದರೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಅದು ಪಾಲನೆ ಆಗೋದು ಅಪರೂಪ. ಇಷ್ಟು ಬಿಗಿಯಾದ ಸಮಯದಲ್ಲಿ 224 ಜನರೂ ತಮ್ಮ ತಮ್ಮ ರಸ್ತೆ ಗುಂಡಿ ತಂದರೆ ರಾಜ್ಯದ ಮಾತು ಯಾರು ಆಡಬೇಕು? 2025-26ರ ಬಜೆಟ್ 4 ಲಕ್ಷ ಕೋಟಿ ದಾಟಿತು. ಅದರ ಮೇಲೆ ಇಲಾಖೆ ಇಲಾಖೆಯಾಗಿ ಗಂಭೀರ ಚರ್ಚೆ ನಡೆಯುವಾಗ ಎಷ್ಟು ಕುರ್ಚಿ ಖಾಲಿ ಇರುತ್ತದೆ ಅಂತ ಟಿವಿ ನೋಡುವವರಿಗೆ ಗೊತ್ತು.

ಇನ್ನು ಉತ್ತರಗಳು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂತ ಪ್ರಶ್ನೆ. ‘ಬಂದಿದೆ’ ಅಂತ ಉತ್ತರ. ‘ಯಾವಾಗ ಪೂರ್ಣಗೊಳಿಸಲಾಗುವುದು?’ ಅಂದರೆ ‘ಅನುದಾನದ ಲಭ್ಯತೆ ಆಧರಿಸಿ ಕ್ರಮ ವಹಿಸಲಾಗುವುದು’. ಬಾಕಿ ಇದ್ದದ್ದಕ್ಕೆ ‘ಉದ್ಭವಿಸುವುದಿಲ್ಲ’. ಫೈಲು ಓಡಿ ಬರುತ್ತದೆ ಅಂತ ಪರದವರು ಹೇಳಿದರಲ್ಲ, ಓಡಿ ಬಂದ ಫೈಲು ಈ ಮೂರು ಸಾಲು ಹೊತ್ತು ವಾಪಸ್ ಹೋಗುತ್ತದೆ. ಕೆಲಸ ಆಗಬೇಕಾದರೆ ಅದು ಕ್ರಿಯಾಯೋಜನೆಯಲ್ಲಿ ಸೇರಬೇಕು, ಹಣ ಬಿಡುಗಡೆ ಆಗಬೇಕು, ಟೆಂಡರ್ ಆಗಬೇಕು. ಸದನದಲ್ಲಿ ಕೊಟ್ಟ ಭರವಸೆಗಳನ್ನು ಹಿಂಬಾಲಿಸೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಆ ಸಮಿತಿ ಬೇಕಾಯಿತು ಅನ್ನೋದೇ ಭರವಸೆಗಳ ಕಥೆ ಹೇಳುತ್ತದೆ.

ಕೆಲವು ತೀರ್ಮಾನ ಸದನದ ಹತ್ತಿರವೂ ಸುಳಿಯುವುದಿಲ್ಲ. ಭದ್ರಾ ನಾಲೆಗೆ ಯಾವಾಗ, ಎಷ್ಟು ದಿನ ನೀರು ಬಿಡಬೇಕು ಅನ್ನೋದು ನೀರಾವರಿ ಸಲಹಾ ಸಮಿತಿಯಲ್ಲಿ ಆಗುವ ತೀರ್ಮಾನ. 2023ರ ಬರದಲ್ಲಿ ನಾಲೆ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. ಮಲೇಬೆನ್ನೂರು, ಹರಿಹರದ ಕೊನೆ ಭಾಗದ ಗದ್ದೆಗೆ ನೀರು ಮುಟ್ಟಬೇಕಾದರೆ ಶಾಸಕರು ಆ ಸಮಿತಿಯಲ್ಲಿ ಗಟ್ಟಿಯಾಗಿ ಕೂರಬೇಕು, ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಇಟ್ಟವರನ್ನು ಎದುರು ಹಾಕಿಕೊಳ್ಳಬೇಕು. ಅದು ಕಷ್ಟದ ಕೆಲಸ, ಓಟು ಹೋಗುವ ಕೆಲಸ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಿಂತು ‘ಕೊನೆ ಭಾಗದ ರೈತರಿಗೆ ಅನ್ಯಾಯ’ ಅನ್ನೋದು ಸುಲಭ.

ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ತಾಲ್ಲೂಕು ಕೆಡಿಪಿ ಸಭೆಗೆ ಅವರೇ ಅಧ್ಯಕ್ಷರು, ಅಧಿಕಾರಿಗಳು ಎದುರಿಗೇ ಕೂತಿರುತ್ತಾರೆ. ಅಲ್ಲಿ ಮುಗಿಸಬಹುದಾದದ್ದನ್ನು ಬೆಂಗಳೂರಿಗೆ ಹೊತ್ತೊಯ್ಯೋದು ಯಾಕೆ? ವಿಡಿಯೊ ಬೇಕಲ್ಲ, ಅದಕ್ಕೆ.

ಆದರೆ ಅಸಲಿ ವಿಷಯ ಇದ್ಯಾವುದೂ ಅಲ್ಲ. ರಸ್ತೆ, ನೀರು, ಶಾಲೆ ಕಟ್ಟಡದ ಬಗ್ಗೆ ಕೇಳೋಕೆ ಜಿಲ್ಲಾ ಪಂಚಾಯಿತಿ ಸದಸ್ಯರು, ತಾಲ್ಲೂಕು ಪಂಚಾಯಿತಿ ಸದಸ್ಯರು ಅಂತ ನಮಗೆ ಇದ್ದರು. ಅವರ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದರ ಹಿಂದೆ ಒಂದು ಕಾರಣ. ಪಕ್ಷಗಳು ಬದಲಾದವು, ಸರ್ಕಾರ ಬದಲಾಯಿತು, ಇದು ಮಾತ್ರ ಬದಲಾಗಲಿಲ್ಲ. ಹಿಂದೆ ಮಾಯಕೊಂಡದ ಹಳ್ಳಿಯವನು ತನ್ನ ಜಿಲ್ಲಾ ಪಂಚಾಯಿತಿ ಸದಸ್ಯನನ್ನು ಸಂತೆಯಲ್ಲೇ ಹಿಡಿದು ಜಗಳ ಮಾಡಬಹುದಿತ್ತು. ಆ ಸದಸ್ಯ ಸಾಮಾನ್ಯ ಸಭೆಯಲ್ಲಿ ಪಂಚಾಯಿತಿಯ ಮುಖ್ಯ ಅಧಿಕಾರಿ ಸಿಇಒ ಮುಂದೆ ಕೂಗಾಡುತ್ತಿದ್ದ. ಗದ್ದಲ ಆಗುತ್ತಿತ್ತು, ನಿಜ. ಆದರೆ ಊರಿನ ಪ್ರಶ್ನೆಗೆ ಊರಿನ ಹತ್ತಿರವೇ ಉತ್ತರ ಸಿಗುತ್ತಿತ್ತು. ಈಗ ಗ್ರಾಮ ಪಂಚಾಯಿತಿಯಿಂದ ಮೇಲಕ್ಕೆ ನೋಡಿದರೆ ಮಧ್ಯದಲ್ಲಿ ಚುನಾಯಿತರು ಯಾರೂ ಇಲ್ಲ, ನೇರ ಶಾಸಕರೇ. ಎಲ್ಲ ಅರ್ಜಿ ಅವರ ಮನೆ ಬಾಗಿಲಿಗೆ. ಇದು ಶಾಸಕರಿಗೆ ಕಷ್ಟ ಅಂದುಕೊಳ್ಳಬೇಡಿ, ಲಾಭ. ಕೇಳುವವರೂ ಅವರೇ, ಕೊಡಿಸುವವರೂ ಅವರೇ, ಫ್ಲೆಕ್ಸ್‌ನಲ್ಲಿ ಇರುವವರೂ ಅವರೇ. ಸದನದಲ್ಲಿ ಅವರು ಕೇಳುವ ಒಂದೊಂದು ಚರಂಡಿ ಪ್ರಶ್ನೆಗೂ ನಾವು ಚಪ್ಪಾಳೆ ತಟ್ಟಿದಷ್ಟೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಯ ಆ ಖಾಲಿ ಕುರ್ಚಿಗಳು ನಮಗೆ ಕಾಣದಂತೆ ಆಗುತ್ತವೆ.

ಹಾಗಾದರೆ ಸದನದಲ್ಲಿ ಏನು ಕೇಳಬೇಕು? ಹಂಚಿಕೆಯ ನಿಯಮ ಕೇಳಲಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು 114 ತಾಲ್ಲೂಕು ಹಿಂದುಳಿದಿವೆ ಅಂತ ಹೇಳಿತು, 39 ಅತ್ಯಂತ ಹಿಂದುಳಿದವು. ವಿಶೇಷ ಅಭಿವೃದ್ಧಿ ಯೋಜನೆ ಅಂತ ಹಣ ಇಟ್ಟರು. ಎರಡು ದಶಕ ಆದ ಮೇಲೆ ಅರ್ಥಶಾಸ್ತ್ರಜ್ಞ ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿದರು. ನಡುವೆ ಯಾವ ತಾಲ್ಲೂಕು ಪಟ್ಟಿಯಿಂದ ಮೇಲೆ ಬಂತು, ಯಾವುದಕ್ಕೆ ಇಟ್ಟ ಹಣ ಖರ್ಚೇ ಆಗಲಿಲ್ಲ, ಯಾಕೆ? ಮೊಳಕಾಲ್ಮುರಿಗೆ ಒಬ್ಬ ವೈದ್ಯರನ್ನು ಕೊಡಿ ಅನ್ನೋದಲ್ಲ, ಮೊಳಕಾಲ್ಮುರಿನಂಥ ತಾಲ್ಲೂಕಿನಲ್ಲಿ ವೈದ್ಯರು ನಿಲ್ಲುವ ಹಾಗೆ ನೇಮಕದ ನಿಯಮ ಬದಲಿಸುತ್ತೀರಾ ಅನ್ನೋದು ಪ್ರಶ್ನೆ. ಮೊದಲನೆಯದಕ್ಕೆ ಮಂತ್ರಿಗಳು ಖುಷಿಯಾಗಿ ‘ಆಯ್ತು’ ಅನ್ನುತ್ತಾರೆ. ಎರಡನೆಯದಕ್ಕೆ ಬೆವರುತ್ತಾರೆ.

ಇನ್ನೊಂದು ಪ್ರಶ್ನೆ ಚಿತ್ರದುರ್ಗದ 6, ದಾವಣಗೆರೆಯ 7 ಶಾಸಕರು ಪಕ್ಷ ಮರೆತು ಒಟ್ಟಿಗೆ ಸಹಿ ಹಾಕಿ ಕೇಳಬಹುದಾದದ್ದು. ಜಿಲ್ಲಾ ಪಂಚಾಯಿತಿ ಚುನಾವಣೆಯ ತಾರೀಖು ಯಾವುದು? ಈ ವಿಡಿಯೊ ಇನ್ನೂ ನಮ್ಮ ಗುಂಪಿಗೆ ಬಂದಿಲ್ಲ.