ಚಿಗರಿಗೆ ಗುಂಡು ಹಾಕಬಹುದು ಎಂಬ ಮಾತು ಸುಳ್ಳು

ಬೀದರ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ. ‘ಕಡಲೆ ಹೊಲಕ್ಕೆ ಚಿಗರಿ ನುಗ್ಗಿದರೆ, ಲೈಸೆನ್ಸ್ ಬಂದೂಕು ಇರುವ ರೈತ ಹೊಡೆಯಬಹುದು. ಭುಜದ ಹಿಂದೆ ಗುರಿಯಿಟ್ಟರೆ ನಿಂತಲ್ಲೇ ಬೀಳುತ್ತದೆ.’ ಎರಡೂ ತಪ್ಪು.

ನಮ್ಮ ಚಿಗರಿ ಎಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಅನುಮತಿ ಬೇರೆ. ಈ ಅನುಸೂಚಿಯ ಪ್ರಾಣಿಯನ್ನು ಬೆಳೆ ತಿಂದಿತು ಎಂದು ಕೊಲ್ಲಲು ಅನುಮತಿಯೇ ಇಲ್ಲ. ಅದು ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಇಲ್ಲವೇ ವಾಸಿಯಾಗದಷ್ಟು ಗಾಯ, ರೋಗ ಇದ್ದರೆ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಆದೇಶ ಕೊಡಬಹುದು. ಅದೂ ಹಿಡಿಯಲು, ಸಾಗಿಸಲು ಆಗದಿದ್ದಾಗ. ಇದನ್ನು ಮೀರಿ ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25,000 ರೂಪಾಯಿಗೆ ಕಮ್ಮಿ ಇಲ್ಲ.

ಇನ್ನು ಗುರಿಯ ಮಾತು. ಜಿಂಕೆ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಅಮೆರಿಕದಂಥ ದೇಶಗಳಲ್ಲಿ ಬೇಟೆಗಾರರಿಗೆ ಕಲಿಸುವ ಪಾಠ ಅದು. ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ ಭುಜದ ಹಿಂದೆ ಹೃದಯ, ಶ್ವಾಸಕೋಶ ಸಿಗುತ್ತವೆ, ನಿಜ. ಆದರೆ ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ಬಿದ್ದರೂ ಜಿಂಕೆ ಎಷ್ಟೋ ಸಲ ಐವತ್ತು, ನೂರು ಮೀಟರ್ ಓಡುತ್ತದೆ. ಕೋನ ಸ್ವಲ್ಪ ತಪ್ಪಿದರೆ ಹೊಟ್ಟೆಗೆ ಬೀಳುತ್ತದೆ. ಆಮೇಲೆ ಗಂಟೆಗಟ್ಟಲೆ ನರಳಾಟ. ಯಾವ ಪ್ರಾಣಿಗೂ ಆ ಸಾವು ಬೇಡ, ಅಲ್ವಾ? ಬಯಲು ಸೀಮೆಯಲ್ಲಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಆಚೆ ಹೊಲದಲ್ಲಿ ಕಳೆ ತೆಗೆಯುವವರು ಇರುತ್ತಾರೆ.

ಬೆಳೆ ಹೋದ ರೈತರ ಸಂಕಟ ಸಣ್ಣದಲ್ಲ. ಹಾಳಾದ ಹೊಲದ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಪರಿಹಾರಕ್ಕಾಗಿ ಬೇಗ ಅರ್ಜಿ ಕೊಡಿ. ಆ ಮೆಸೇಜನ್ನು ಸುಮ್ನೆ ಮುಂದೆ ಕಳಿಸಬೇಡಿ.