ಸತ್ಯಾಂಶ: ಹೆಬ್ಬೆರಳು ಹೋದರೂ ಪರಿಹಾರ ಇದೆ

"ಕೈಕಾಲು ಪೂರ್ತಿ ಹೋದರೆ ಮಾತ್ರ ಪರಿಹಾರ, ಅದೂ 6 ತಿಂಗಳೊಳಗೆ ಕೇಳಬೇಕು" ಅಂತ, ಕೆಲಸದಲ್ಲಿ ಆಗುವ ಗಾಯದ ಬಗ್ಗೆ ಒಂದು ಮೆಸೇಜ್ ಚಿಕ್ಕಮಗಳೂರಿನ ಕಾಫಿ ತೋಟದವರ ಗ್ರೂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸುಳ್ಳು.

ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಸಿಕ್ಕಿ ಒಂದು ಹೆಬ್ಬೆರಳು ಹೋಯಿತು ಅಂದುಕೊಳ್ಳಿ. ಪರಿಹಾರದ ಕಾನೂನಿನ ಪಟ್ಟಿಯಲ್ಲೇ ಅದಕ್ಕೆ ದುಡಿಯುವ ಶಕ್ತಿಯಲ್ಲಿ 30% ನಷ್ಟ ಅಂತ ಬರೆದಿದೆ. ಪಟ್ಟಿಯಲ್ಲಿಲ್ಲದ ಗಾಯವಾದರೆ ನಷ್ಟ ಎಷ್ಟು ಅಂತ ಡಾಕ್ಟರ್ ಅಳೆದು ಹೇಳುತ್ತಾರೆ. ತಿಂಗಳ ಸಂಬಳದ 60% ಅನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ, ಅದರಲ್ಲಿ 30% ಅನ್ನು ಮಾಲೀಕರು ಕೊಡಬೇಕು. 30 ವರ್ಷದವರಿಗೆ ಆ ಅಂಕಿ 207.98. ಸಂಬಳ 10,000 ಇದ್ದರೆ ಸುಮಾರು 3.74 ಲಕ್ಷ ರೂಪಾಯಿ. ಸಣ್ಣ ಮೊತ್ತ ಏನಲ್ಲ, ಅಲ್ವಾ?

ಅರ್ಜಿ ಹಾಕಲು 2 ವರ್ಷ ಇದೆ. ಇಎಸ್ಐ (ನೌಕರರ ರಾಜ್ಯ ವಿಮೆ) ಇರುವವರ ದಾರಿ ಬೇರೆ. ಇನ್ನು, "ಏನೂ ಕೇಳಲ್ಲ" ಅಂತ ಸುಮ್ನೆ ಬರೆಸಿಕೊಂಡ ಕಾಗದಕ್ಕೆ ಸಹಿ ಹಾಕಿದ್ದರೂ ಹಕ್ಕು ಹೋಗುವುದಿಲ್ಲ.